ಡೆಟ್ರಾಯಿಟ್‌ನ ನಿರುದ್ಯೋಗ: ರಾಜ್ಯ ಮತ್ತು ರಾಷ್ಟ್ರದ ದರಗಳ ಎದುರು

ಡೆಟ್ರಾಯಿಟ್ ನಗರದ ಕುಸಿತದ ಕಥೆಯನ್ನು ಹೆಚ್ಚಿನವರು 1967ರ ಜುಲೈ ಗಲಭೆಯಿಂದ ಶುರುಮಾಡುತ್ತಾರೆ. ಉಳಿದವರು ನೇರವಾಗಿ 2013ರ ದಿವಾಳಿಗೆ ಬರುತ್ತಾರೆ. ಕೆಲಸದ ಲೆಕ್ಕ ಹಿಡಿದು ನೋಡಿದರೆ ಎರಡೂ ತಡವಾದ ತಾರೀಖುಗಳು. ನಗರದ ಉದ್ಯೋಗ ಸ್ಥಿತಿ ದೇಶದ ಸರಾಸರಿಯಿಂದ ಬೇರೆ ದಾರಿ ಹಿಡಿದದ್ದು 1950ರ ದಶಕದಲ್ಲಿ, ಅಮೆರಿಕ ಸುಭಿಕ್ಷವಾಗಿದ್ದ ಹೊತ್ತಿನಲ್ಲೇ.

ಇತಿಹಾಸಕಾರ ಥಾಮಸ್ ಸುಗ್ರೂ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1947ರಿಂದ 1963ರವರೆಗೆ ನಗರ ಕಳೆದುಕೊಂಡ ಕಾರ್ಖಾನೆ ಕೆಲಸಗಳು ಸುಮಾರು 1,34,000. ಫೋರ್ಡ್ ಕಂಪನಿ ರೂಜ್ ಸ್ಥಾವರದ ಎಂಜಿನ್ ತಯಾರಿಕೆಯನ್ನು ಕ್ಲೀವ್‌ಲ್ಯಾಂಡ್‌ನ ಸ್ವಯಂಚಾಲಿತ ಘಟಕಕ್ಕೆ ಸಾಗಿಸಿತು. ಕಾರು ಕಂಪನಿ ಹಡ್ಸನ್ 1954ರಲ್ಲಿ ನ್ಯಾಶ್ ಜೊತೆ ವಿಲೀನವಾಗಿ ವಿಸ್ಕಾನ್ಸಿನ್‌ಗೆ ಹೋಯಿತು. 1956ರಲ್ಲಿ ಪ್ಯಾಕರ್ಡ್ ತನ್ನ ಡೆಟ್ರಾಯಿಟ್ ಕಾರು ಕಾರ್ಖಾನೆಯ ಬಾಗಿಲು ಹಾಕಿತು. ಇದೇ ಅವಧಿಯಲ್ಲಿ ದೇಶದ ಕಾರು ಮಾರಾಟ ಚೆನ್ನಾಗಿಯೇ ಇತ್ತೆಂಬುದನ್ನು ಮರೆಯಬಾರದು. ಉದ್ಯಮ ಸೊರಗಿರಲಿಲ್ಲ, ಊರು ಬಿಟ್ಟಿತ್ತು. ಒಂದೇ ಅಂತಸ್ತಿನ ವಿಶಾಲ ಕಾರ್ಖಾನೆಗಳಿಗೆ ಬೇಕಾದ ಜಾಗ ನಗರದ ಹೊರಗಿತ್ತು.

ನಿರುದ್ಯೋಗ ದರವನ್ನು ಲೆಕ್ಕಹಾಕುವುದು ವ್ಯಕ್ತಿ ವಾಸಿಸುವ ಸ್ಥಳದಿಂದ, ದುಡಿಯುವ ಸ್ಥಳದಿಂದಲ್ಲ. ಬಿಳಿಯ ಕಾರ್ಮಿಕರು ಕಾರ್ಖಾನೆಯ ಹಿಂದೆಯೇ ಉಪನಗರಗಳಿಗೆ ಹೋದರು. ಅಲ್ಲಿ ಮನೆ ಕೊಳ್ಳಲು ಕಪ್ಪು ಜನರಿಗೆ ಬ್ಯಾಂಕುಗಳೂ ನೆರೆಹೊರೆಯವರೂ ಅಡ್ಡಿಯಾಗಿದ್ದರು. 1960ರ ಜನಗಣತಿಯ ಹೊತ್ತಿಗೆ ನಗರದ ಕಪ್ಪು ಜನರಲ್ಲಿ ನಿರುದ್ಯೋಗ ಶೇ 15.9, ಬಿಳಿಯರಲ್ಲಿ ಶೇ 5.8. ನಗರದ ಸರಾಸರಿ ಎಂಬ ಒಂದು ಅಂಕಿಯ ಒಳಗೆ ಎರಡು ಊರುಗಳಿದ್ದವು.

1982ರ ಹಿಂಜರಿತದಲ್ಲಿ ರಾಷ್ಟ್ರದ ದರ ಶೇ 10.8ಕ್ಕೆ ಏರಿದರೆ ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ್ದು ಶೇ 16 ದಾಟಿತು. ಕಾರನ್ನೇ ನೆಚ್ಚಿದ ರಾಜ್ಯಕ್ಕೆ ಇದು ಅನಿರೀಕ್ಷಿತವಲ್ಲ. ಹೆಚ್ಚು ಮಾತಾಡುವ ವರ್ಷ 2000. ಆಗ ರಾಷ್ಟ್ರದ ಸರಾಸರಿ ಶೇ 4. ಮಿಷಿಗನ್ ಅದಕ್ಕಿಂತಲೂ ಕೆಳಗಿತ್ತು. ಡೆಟ್ರಾಯಿಟ್ ಮಾತ್ರ ಎರಡನ್ನೂ ಬಹಳ ಮೀರಿತ್ತು. ರಾಜ್ಯಕ್ಕೆ ಒಳ್ಳೆಯ ಕಾಲ ಬಂದರೂ ನಗರದ ಅಂತರ ಮುಚ್ಚಲಿಲ್ಲವೆಂದ ಮೇಲೆ, ಕಾರು ಉದ್ಯಮದ ಏರಿಳಿತವೊಂದನ್ನೇ ಕಾರಣವಾಗಿ ತೋರಿಸುವುದು ಸಾಲದು.

2009ರಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ದಿವಾಳಿ ರಕ್ಷಣೆ ಕೋರಿದವು. ಅಕ್ಟೋಬರಿನಲ್ಲಿ ರಾಷ್ಟ್ರದ ದರ ಶೇ 10 ಮುಟ್ಟಿತು. ಆ ವರ್ಷ ಮಿಷಿಗನ್ ಶೇ 14ನ್ನೂ ಮೀರಿತು, ಡೆಟ್ರಾಯಿಟ್ ಶೇ 25ನ್ನೂ ದಾಟಿತು. ನಿಜವಾದ ಪ್ರಮಾಣ ಶೇ 50ರ ಹತ್ತಿರವಿದೆ ಎಂದು ಮೇಯರ್ ಡೇವ್ ಬಿಂಗ್ ಆ ಡಿಸೆಂಬರಿನಲ್ಲಿ ಹೇಳಿದರು. ಇದನ್ನು ರಾಜಕಾರಣಿಯ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ. ಹಿಂದಿನ ನಾಲ್ಕು ವಾರಗಳಲ್ಲಿ ಕೆಲಸ ಹುಡುಕದವರನ್ನು ಅಧಿಕೃತ ಲೆಕ್ಕ ನಿರುದ್ಯೋಗಿಗಳೆಂದು ಎಣಿಸುವುದಿಲ್ಲ. ಅರೆಕಾಲಿಕ ಕೂಲಿಗೆ ಹೋದವರು ಉದ್ಯೋಗಸ್ಥರ ಪಟ್ಟಿಗೇ ಸೇರುತ್ತಾರೆ. ಮೇಲಾಗಿ ರಾಷ್ಟ್ರದ ದರ ಸುಮಾರು 60,000 ಮನೆಗಳ ಮಾಸಿಕ ಸಮೀಕ್ಷೆಯಿಂದ ಬಂದರೆ, ನಗರದ್ದು ನಿರುದ್ಯೋಗ ವಿಮೆಯ ಅರ್ಜಿ, ಜನಸಂಖ್ಯೆಯ ಪಾಲು ಮುಂತಾದವುಗಳಿಂದ ಕಟ್ಟಿದ ಅಂದಾಜು. ಮೂರು ಅಂಕಿಗಳನ್ನು ಪಕ್ಕಪಕ್ಕ ಇಡುವವರು ಈ ವ್ಯತ್ಯಾಸವನ್ನು ಅಷ್ಟಾಗಿ ಹೇಳುವುದಿಲ್ಲ.

ಕೋವಿಡ್ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ರಾಷ್ಟ್ರದ ದರ ಶೇ 15ರ ಹತ್ತಿರ ಹೋದಾಗ ಡೆಟ್ರಾಯಿಟ್ ಶೇ 35ನ್ನು ಮೀರಿತು. 2023ರ ವಸಂತದಲ್ಲಿ ಅದು ಶೇ 5ಕ್ಕಿಂತ ಕೆಳಗಿಳಿದು, 1990ರಿಂದೀಚಿನ ಸರಣಿಯಲ್ಲೇ ಅತಿ ಕಡಿಮೆ ಎನಿಸಿತು. ಸುಧಾರಣೆ ನಿಜ. ಆದರೆ ಅದನ್ನು ನಗರ ಚೇತರಿಸಿಕೊಂಡದ್ದಕ್ಕೆ ಪುರಾವೆಯಾಗಿ ಒಪ್ಪುವ ಮೊದಲು ಆ ದರದ ಹಿಂದಿರುವ ಜನಸಂಖ್ಯೆಯನ್ನೂ ನೋಡಬೇಕು: 1950ರಲ್ಲಿ 18,49,568 ಜನರಿದ್ದ ಈ ನಗರದಲ್ಲಿ 2020ರ ಜನಗಣತಿಗೆ ಸಿಕ್ಕವರು 6,39,111.