ಚಿನ್ನವನ್ನೇ ತೆಗೆಯದ ಚಿನ್ನದ ಕಂಪನಿಗೆ ಬೆಲೆ ಕಟ್ಟುವುದು ಹೇಗೆ?

ಗಣಿ ಇಲ್ಲ, ಉತ್ಪಾದನೆ ಇಲ್ಲ, ಆದಾಯವೂ ಇಲ್ಲ. ಇರುವುದು ಒಂದಷ್ಟು ಜಾಗದಲ್ಲಿ ಶೋಧಿಸುವ ಹಕ್ಕು ಮತ್ತು ಭೂಮಿ ಕೊರೆದು ತೆಗೆದ ಕಲ್ಲಿನ ಮಾದರಿಗಳ ವರದಿ. ಇಂಥ ಚಿನ್ನದ ಅನ್ವೇಷಣಾ ಕಂಪನಿಗಳನ್ನು ಗಣಿ ಉದ್ಯಮದಲ್ಲಿ 'ಜೂನಿಯರ್' ಎನ್ನುತ್ತಾರೆ. ಹೆಚ್ಚಿನವು ಸ್ವಂತ ಗಣಿ ತೆರೆಯುವ ಹಂತ ತಲುಪುವುದೇ ಇಲ್ಲ. ಒಳ್ಳೆಯ ನಿಕ್ಷೇಪ ಸಿಕ್ಕರೆ ದೊಡ್ಡ ಕಂಪನಿಯೊಂದು ಇಡೀ ಸಂಸ್ಥೆಯನ್ನೇ ಖರೀದಿಸುತ್ತದೆ.

ಲಾಭವೇ ಇಲ್ಲದ್ದರಿಂದ ಪಿ/ಇ ಅನುಪಾತ ಇಲ್ಲಿ ಉಪಯೋಗಕ್ಕೆ ಬಾರದು. ಮಾರುಕಟ್ಟೆಯ ಸುಲಭದ ಅಳತೆಗೋಲು, ನೆಲದೊಳಗಿನ ಒಂದು ಔನ್ಸ್ (ಸುಮಾರು 31.1 ಗ್ರಾಂ) ಚಿನ್ನಕ್ಕೆ ಎಷ್ಟು ಡಾಲರ್ ಎಂಬುದು. ಕಂಪನಿಯ ಷೇರು ಮೌಲ್ಯಕ್ಕೆ ಸಾಲ ಕೂಡಿಸಿ, ಕೈಯಲ್ಲಿರುವ ನಗದು ಕಳೆದು, ಉಳಿದದ್ದನ್ನು ಔನ್ಸ್‌ಗಳಿಂದ ಭಾಗಿಸಬೇಕು. ವಾರಂಟ್ ಮತ್ತು ಆಪ್ಷನ್‌ಗಳನ್ನು ಸೇರಿಸಿಯೇ ಷೇರುಗಳನ್ನು ಎಣಿಸಬೇಕು. ಹೊಸ ಷೇರು ಮಾರಿಯೇ ಡ್ರಿಲ್ಲಿಂಗ್ ಖರ್ಚು ತೂಗಿಸುವ ಕಂಪನಿಗಳಿವು.

ಈ ಲೆಕ್ಕ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಕೆನಡಾದ ಕಿನ್ರಾಸ್ ಗೋಲ್ಡ್ ನಡೆಸಿದ ಎರಡು ಖರೀದಿಗಳೇ ಸಾಕ್ಷಿ.

2008ರಲ್ಲಿ ಅದು ಔರೇಲಿಯನ್ ರಿಸೋರ್ಸಸ್ ಕಂಪನಿಯನ್ನು ಸುಮಾರು 120 ಕೋಟಿ ಕೆನಡಾ ಡಾಲರ್‌ಗೆ ಕೊಂಡಿತು. ಈಕ್ವೆಡಾರ್‌ನ ಫ್ರೂಟಾ ಡೆಲ್ ನಾರ್ಟೆ ನಿಕ್ಷೇಪದಲ್ಲಿ 1.37 ಕೋಟಿ ಔನ್ಸ್ ಚಿನ್ನದ ಅಂದಾಜಿತ್ತು. ಅಂದರೆ ಔನ್ಸಿಗೆ 90 ಡಾಲರ್‌ಗೂ ಕಡಿಮೆ. ಆಗ ಮಾರುಕಟ್ಟೆಯಲ್ಲಿ ಚಿನ್ನದ ದರ 900 ಡಾಲರ್ ಆಸುಪಾಸಿನಲ್ಲಿತ್ತು. ಅಗ್ಗವೆನಿಸುವುದು ಸಹಜ. ಆದರೆ ಆ ಚಿನ್ನವೆಲ್ಲ 'ಊಹಿತ' ವರ್ಗದ್ದು. ಮಾಪಿತ, ಸೂಚಿತ, ಊಹಿತ ಎಂಬ ಮೂರು ವರ್ಗಗಳಲ್ಲಿ ಖಚಿತತೆ ಅತಿ ಕಡಿಮೆ ಇರುವುದು ಇದರಲ್ಲೇ. ಅದಕ್ಕಿಂತ ದೊಡ್ಡ ತೊಡಕು ಸರ್ಕಾರದ್ದು: ಅನಿರೀಕ್ಷಿತ ಲಾಭದ ಮೇಲೆ ಶೇ 70ರ ತೆರಿಗೆ. ಮಾತುಕತೆ ಫಲಿಸದೆ 2013ರಲ್ಲಿ ಕಿನ್ರಾಸ್ ಯೋಜನೆ ಕೈಬಿಟ್ಟಿತು. ಮರುವರ್ಷ 24 ಕೋಟಿ ಅಮೆರಿಕನ್ ಡಾಲರ್‌ಗೆ ಮಾರಿತು. ಕೊಟ್ಟ ಬೆಲೆಯ ಐದನೇ ಒಂದು ಭಾಗದಷ್ಟು! ಚಿನ್ನ ಮಾತ್ರ ಸುಳ್ಳಾಗಿರಲಿಲ್ಲ. ಕೊಂಡ ಲುಂಡಿನ್ ಗೋಲ್ಡ್ 2019ರಲ್ಲಿ ಅಲ್ಲಿ ಉತ್ಪಾದನೆ ಆರಂಭಿಸಿತು.

ಎರಡನೆಯದು ಇದಕ್ಕೆ ತದ್ವಿರುದ್ಧ. 2021ರ ಡಿಸೆಂಬರ್‌ನಲ್ಲಿ ಒಂಟಾರಿಯೊದ ಗ್ರೇಟ್ ಬೇರ್ ರಿಸೋರ್ಸಸ್ ಖರೀದಿಗೆ ಕಿನ್ರಾಸ್ ಒಪ್ಪಿದ ಮೊತ್ತ ಸುಮಾರು 140 ಕೋಟಿ ಅಮೆರಿಕನ್ ಡಾಲರ್. ಗ್ರೇಟ್ ಬೇರ್ ಆಗಿನ್ನೂ ಸಂಪನ್ಮೂಲದ ಅಧಿಕೃತ ಅಂದಾಜನ್ನೇ ಪ್ರಕಟಿಸಿರಲಿಲ್ಲ. ಭಾಗಿಸಲು ಔನ್ಸ್‌ಗಳೇ ಇರಲಿಲ್ಲ! ಕಿನ್ರಾಸ್ ನಂಬಿದ್ದು ಡ್ರಿಲ್ಲಿಂಗ್ ಫಲಿತಾಂಶಗಳನ್ನು, ಜತೆಗೆ ರೆಡ್ ಲೇಕ್ ಎಂಬ ಹಳೆಯ ಗಣಿ ಪ್ರದೇಶವನ್ನು. ಹೆದ್ದಾರಿ, ವಿದ್ಯುತ್ ಎರಡೂ ಹತ್ತಿರ. ಆದರೂ ಒಂದು ಎಚ್ಚರಿಕೆ ವಹಿಸಿತ್ತು: ಕನಿಷ್ಠ 85 ಲಕ್ಷ ಔನ್ಸ್ ದೃಢಪಟ್ಟು, ವಾಣಿಜ್ಯ ಉತ್ಪಾದನೆ ಶುರುವಾದರೆ ಮಾತ್ರ ಷೇರುದಾರರಿಗೆ ಹೆಚ್ಚುವರಿ ಪಾವತಿ. 2023ರ ಮೊದಲ ಅಂದಾಜಿನಲ್ಲಿ ಸೂಚಿತ 27 ಲಕ್ಷ, ಊಹಿತ 23 ಲಕ್ಷ ಔನ್ಸ್ ಕಂಡವು. ಆ ಲೆಕ್ಕಕ್ಕೆ ಔನ್ಸಿಗೆ 280 ಡಾಲರ್ ಬಿದ್ದಂತಾಯಿತು.

ಕರ್ನಾಟಕದಲ್ಲೂ ಅನುಮತಿಯ ಪ್ರಶ್ನೆ ಹೊಸದಲ್ಲ. ಬಿಎಸ್‌ಇಯಲ್ಲಿ ನೋಂದಾಯಿತ ಡೆಕ್ಕನ್ ಗೋಲ್ಡ್ ಮೈನ್ಸ್, ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನ ಗುರುತಿಸಿದ ಮೇಲೂ ಗಣಿ ಗುತ್ತಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು.