ವಿಯೆಟ್ನಾಂನ ಚೀನಾ ನೀತಿ

ಉತ್ತರದ ಬಲಾಢ್ಯ ನೆರೆರಾಷ್ಟ್ರದೊಡನೆ ಯುದ್ಧಕ್ಕಿಳಿಯದೆ, ಅದಕ್ಕೆ ಅಧೀನವೂ ಆಗದೆ ಬಾಳಲು ವಿಯೆಟ್ನಾಂ 1991ರಿಂದೀಚೆಗೆ ರೂಪಿಸಿಕೊಂಡಿರುವ ವಿದೇಶಾಂಗ ಮತ್ತು ರಕ್ಷಣಾ ಧೋರಣೆ. ಬೆಳೆಯುತ್ತಿರುವ ಮಹಾಶಕ್ತಿಯ ಮಗ್ಗುಲಲ್ಲಿರುವ ಮಧ್ಯಮ ಶಕ್ತಿಯ ರಾಷ್ಟ್ರಗಳ ನಡೆಯನ್ನು ಅರಿಯಲು ಇದು ಒಳ್ಳೆಯ ನಿದರ್ಶನ.

ನೀತಿಯ ಹಿಂದೆ ಎರಡು ಕಹಿ ಅನುಭವಗಳಿವೆ. 1978ರ ನವೆಂಬರಿನಲ್ಲಿ ವಿಯೆಟ್ನಾಂ ಸೋವಿಯತ್ ಒಕ್ಕೂಟದೊಂದಿಗೆ ಮೈತ್ರಿ ಒಪ್ಪಂದ ಮಾಡಿಕೊಂಡಿತು. ನಾಲ್ಕು ತಿಂಗಳು ತುಂಬುವ ಮೊದಲೇ, 1979ರ ಫೆಬ್ರವರಿ 17ರಂದು, ಚೀನಾದ ಸೇನೆ ಗಡಿ ದಾಟಿ ಬಂತು. ಸೋವಿಯತ್ ಒಕ್ಕೂಟ ಸಾಮಗ್ರಿ ಕಳುಹಿಸಿತೇ ಹೊರತು ಯುದ್ಧಕ್ಕಿಳಿಯಲಿಲ್ಲ. 1988ರ ಮಾರ್ಚ್ 14ರಂದು ದಕ್ಷಿಣ ಚೀನಾ ಸಮುದ್ರದ ಸ್ಪ್ರಾಟ್ಲಿ ದ್ವೀಪಸಮೂಹದ ಜಾನ್ಸನ್ ದಿಬ್ಬದ ಬಳಿ ಚೀನಾದ ನೌಕಾಪಡೆ 64 ವಿಯೆಟ್ನಾಮೀಯರನ್ನು ಕೊಂದಾಗ, ವಿಯೆಟ್ನಾಂನ ಕಾಮ್ ರಾನ್ ಬಂದರಿನಲ್ಲೇ ನೆಲೆಸಿದ್ದ ಸೋವಿಯತ್ ಹಡಗುಗಳು ನೆರವಿಗೆ ಬರಲಿಲ್ಲ. ಆ ಯೋಧರ ಸಾವನ್ನು ಬದಿಗಿಟ್ಟು ಹನೋಯ್‌ನ ಇಂದಿನ ಎಚ್ಚರಿಕೆಯನ್ನು ಅರ್ಥಮಾಡಿಕೊಳ್ಳಲಾಗದು.

1991ರಲ್ಲಿ ಚೀನಾದೊಂದಿಗಿನ ಸಂಬಂಧ ಸಹಜಗೊಂಡಿತು. 1999ರಲ್ಲಿ ಭೂಗಡಿ, 2000ದಲ್ಲಿ ಟೊಂಕಿನ್ ಕೊಲ್ಲಿಯ ಗಡಿ ಒಪ್ಪಂದಗಳಾದವು. ಚೀನಾ ಇಂದು ವಿಯೆಟ್ನಾಂನ ಅತಿ ದೊಡ್ಡ ವ್ಯಾಪಾರ ಪಾಲುದಾರ. ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳು ಅಲ್ಲಿಂದ ಬರುತ್ತವೆ, ಸಿದ್ಧವಸ್ತುಗಳಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆ. ಎರಡರಲ್ಲಿ ಯಾವುದನ್ನು ಕಳೆದುಕೊಂಡರೂ ದೇಶದ ದುಡಿಮೆಗೇ ಪೆಟ್ಟು.

2019ರ ರಕ್ಷಣಾ ಶ್ವೇತಪತ್ರ ನಾಲ್ಕು ನಿರಾಕರಣೆಗಳನ್ನು ಸಾರಿತು: ಸೇನಾ ಮೈತ್ರಿಕೂಟ ಸೇರುವುದಿಲ್ಲ, ಒಂದು ದೇಶದ ಪರ ನಿಂತು ಇನ್ನೊಂದನ್ನು ವಿರೋಧಿಸುವುದಿಲ್ಲ, ಪರಕೀಯ ಸೇನಾನೆಲೆಗೆ ಜಾಗ ಕೊಡುವುದಿಲ್ಲ, ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಬಲಪ್ರಯೋಗ ಅಥವಾ ಅದರ ಬೆದರಿಕೆ ಒಡ್ಡುವುದಿಲ್ಲ. ಹಾಗೆಂದು ವಿಯೆಟ್ನಾಂ ಕೈಕಟ್ಟಿ ಕೂತಿಲ್ಲ. 2009ರಲ್ಲಿ ರಷ್ಯಾದಿಂದ ಆರು ಕಿಲೋ ದರ್ಜೆಯ ಜಲಾಂತರ್ಗಾಮಿಗಳನ್ನು ಖರೀದಿಸಲು ಒಪ್ಪಂದ ಮಾಡಿಕೊಂಡಿತು. 2014ರ ಮೇನಲ್ಲಿ ಪ್ಯಾರಾಸೆಲ್ ದ್ವೀಪಗಳ ಬಳಿ ಚೀನಾ ತೈಲಬಾವಿ ಕೊರೆಯುವ ಭಾರಿ ಅಟ್ಟಣೆ ತಂದು ನಿಲ್ಲಿಸಿದಾಗ, ಗುಂಡು ಹಾರಿಸದೆ ಕರಾವಳಿ ಕಾವಲು ಹಡಗುಗಳನ್ನು ಕಳುಹಿಸಿತು. ಹಡಗುಗಳ ನಡುವಿನ ಡಿಕ್ಕಿಯ ದೃಶ್ಯಗಳನ್ನು ಜಗತ್ತಿಗೆ ತೋರಿಸಿತು. ಜುಲೈಯಲ್ಲಿ ಅಟ್ಟಣೆ ಹಿಂದೆ ಸರಿಯಿತು. ಭಾರತ 2023ರಲ್ಲಿ ಐಎನ್‌ಎಸ್ ಕೃಪಾಣ್ ಯುದ್ಧನೌಕೆಯನ್ನು ವಿಯೆಟ್ನಾಂಗೆ ಉಡುಗೊರೆಯಾಗಿ ನೀಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್, ಡಿಸೆಂಬರಿನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಹನೋಯ್‌ಗೆ ಬಂದರು.

ಈ ನೀತಿಗೆ ಬೆಲೆಯೂ ಇದೆ: ಸಂಘರ್ಷ ಎದುರಾದರೆ ನೆರವಿಗೆ ಬರಲೇಬೇಕಾದ ಮಿತ್ರನಿಲ್ಲ. 1974ರಲ್ಲಿ ದಕ್ಷಿಣ ವಿಯೆಟ್ನಾಂನಿಂದ ಚೀನಾ ಕಸಿದ ಪಶ್ಚಿಮ ಪ್ಯಾರಾಸೆಲ್ ದ್ವೀಪಗಳು ಇಂದಿಗೂ ಚೀನಾದ ವಶದಲ್ಲೇ ಇವೆ; ವಿಯೆಟ್ನಾಂ ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.