ಶಾಸನ ಸಭೆಯಲ್ಲಿ ಡಿ.ವಿ.ಜಿ.

'ಮಂಕುತಿಮ್ಮನ ಕಗ್ಗ'ದ ಹೆಸರು ಕೇಳದ ಕನ್ನಡಿಗ ನಮ್ಮ ಘಣಸೋಲಿಯಲ್ಲಿ ಸಿಗಲಾರ. ಆದರೆ ಅದನ್ನು ಬರೆದವರು ಹದಿನಾಲ್ಕು ವರ್ಷಗಳಷ್ಟು ಕಾಲ ಶಾಸಕರಾಗಿದ್ದರೆಂದು ಮೊನ್ನೆ ಠಾಣೆಯ ಗಾಡಿಯಲ್ಲಿ ನಾವು ಹೇಳಿದಾಗ ಜೊತೆಗಿದ್ದ ಮಿತ್ರರು ನಕ್ಕುಬಿಟ್ಟರು. ಈ ಲೇಖನಕ್ಕೆ ಆ ನಗುವೇ ಕಾರಣ.

ಬಿ.ಎಸ್ಸಿ. ಓದಿದ ನಮಗೆ ಮೊದಲು ಪರಿಚಯವಾದವರು ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ. 'ಹಸುರು ಹೊನ್ನು' ಓದಿದ ಮೇಲೆ ತಂದೆಯ ಕಡೆಗೆ ಹೊರಳಿದೆವು.

ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಬೆಂಗಳೂರಿಗೆ ಬಂದು ಪತ್ರಿಕೆಗಳಲ್ಲಿ ದುಡಿದು, 1907ರಲ್ಲಿ, ಇಪ್ಪತ್ತರ ಹರೆಯದಲ್ಲೇ, 'ಭಾರತಿ'ಯನ್ನು ನಡೆಸಿದರು. ಮರುವರ್ಷವೇ ಮೈಸೂರು ಸರಕಾರ ವೃತ್ತಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ತಂದಿತು. ಆ ಪೆಟ್ಟನ್ನು ಕಣ್ಣಾರೆ ಕಂಡ ತರುಣ ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿದರು. ದಿವಾನರ ಬಗ್ಗೆ ಗೌರವ ಬೇರೆ, ದಿವಾನರ ಕೆಲಸದ ವಿಮರ್ಶೆ ಬೇರೆ ಎಂಬುದು ಅವರ ನಿಲುವು. ಸರಕಾರದಿಂದ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ.

1926ರ ಸುಮಾರಿಗೆ ಮೈಸೂರು ಶಾಸನ ಸಭೆಯನ್ನು ಸೇರಿ 1940ರವರೆಗೆ ಇದ್ದರು. ಆ ಸಭೆ ಇಂದಿನ ವಿಧಾನಸಭೆಯಂತಲ್ಲ. ಸದಸ್ಯರು ಪ್ರಶ್ನೆ ಕೇಳಬಹುದು, ಆಯವ್ಯಯದ ಮೇಲೆ ಮಾತಾಡಬಹುದು, ಸರಕಾರವನ್ನು ಇಳಿಸುವಂತಿಲ್ಲ. ಅಧ್ಯಕ್ಷಪೀಠದಲ್ಲಿ ಕೂಡುವವರು ದಿವಾನರೇ. ಟೀಕೆಗೆ ಗುರಿಯಾಗಬೇಕಾದವರೂ ಅವರೇ, ಮಾತಿಗೆ ಅಪ್ಪಣೆ ಕೊಡುವವರೂ ಅವರೇ! ಇಂಥ ಕಡೆ ಶಾಸಕನಿಗಿದ್ದ ಬಲ ವಾದದ ಬಲವೊಂದೇ, ಅಂದರೆ ಪತ್ರಕರ್ತನ ಬಲವೇ. 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರು ಶಾಸಕರೂ ಆಗಿದ್ದರು. ಎರಡೂ ಕೆಲಸ ಒಬ್ಬನಿಗೆ ಸಲ್ಲುವುದೇ? ಸರಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದೆಂಬ 1964ರ ನಿಯಮಾವಳಿಗೆ ಒಳಪಟ್ಟ ನಮ್ಮಂಥ ಗುಮಾಸ್ತರಿಗೆ ಈ ಪ್ರಶ್ನೆ ಸ್ವಲ್ಪ ಹೊಟ್ಟೆಕಿಚ್ಚಿನದು.

ಒಂದು ಮಾತನ್ನು ಮುಚ್ಚಿಡಲಾರೆವು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು, ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಜವಾಬ್ದಾರಿ ಸರಕಾರ ಬೇಕೆಂದು ಜನ ಬೀದಿಗೆ ಇಳಿದಿದ್ದರು. ದೇಶೀ ಸಂಸ್ಥಾನಗಳ ಪ್ರಜೆಗಳಿಗೂ ಭಾರತದ ರಾಜ್ಯಾಂಗದಲ್ಲಿ ಸ್ಥಾನವಿರಬೇಕೆಂದು ಎಷ್ಟೋ ಮೊದಲೇ ಬರೆದವರು ಡಿ.ವಿ.ಜಿ. ಆದರೂ ಗೋಖಲೆಯವರ ದಾರಿ ಹಿಡಿದ ಅವರಿಗೆ ಚಳವಳಿಯ ಭಾಷೆ ಒಗ್ಗಲಿಲ್ಲ. ಕಾಲ ಅವರನ್ನು ದಾಟಿ ಹೋಯಿತೆಂದೇ ನಮ್ಮ ಅಭಿಪ್ರಾಯ. ಮಿತ್ರರು ಒಪ್ಪದಿರಬಹುದು.

ಸಭೆ ಬಿಟ್ಟವರು ಸುಮ್ಮನಿರಲಿಲ್ಲ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ ಪ್ರಜೆಗಳಿಗೆ ರಾಜ್ಯಶಾಸ್ತ್ರದ ಪಾಠ ಹೇಳತೊಡಗಿದರು. 1970ರಲ್ಲಿ ನಾಗರಿಕರು ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದಾಗ, ಅಷ್ಟನ್ನೂ ಆ ಸಂಸ್ಥೆಗೇ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋದರು.